ಮೊಲಕ್ಕೆ ಮೊಂಡು ಬಾಣ

ಮೊಲ ಹೊಡೆಯಲು ಮೊಂಡು ಬಾಣವೇ ಸರಿ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಒಪ್ಪದವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ. ಅಡಿಲೇಡ್, ಬ್ರಿಸ್ಬೇನ್, ಪರ್ತ್ ಮೂರೂ ಊರುಗಳಲ್ಲಿ ಹಾಗೆ ಎದ್ದು ಹೋದವರನ್ನು ಕಂಡಿದ್ದೇನೆ. ಕೆಲವರು ಬಾಣದ ಮೊನೆಯ ವಿಷಯಕ್ಕೆ ಎದ್ದರು, ಕೆಲವರು ಮೊಲದ ವಿಷಯಕ್ಕೆ. ಒಬ್ಬರಂತೂ ಹೋಳಿಗೆ ಬಡಿಸುವ ಮುಂಚೆಯೇ ಎದ್ದರು. ಅವರ ತ್ಯಾಗವನ್ನು ಇಂದಿಗೂ ಗೌರವಿಸುತ್ತೇನೆ.

ಇಲ್ಲಿನ ಬಿಲ್ಲಿನಂಗಡಿಗಳಲ್ಲಿ ಬಾಣದ ತುದಿಗೆ ಹಾಕುವ ಮೊನೆಗಳನ್ನು ಗುಂಡಿ, ಹುಕ್ಕು ಮಾರುವ ಹಾಗೆ ಸಣ್ಣ ಸಣ್ಣ ಡ್ರಾಯರುಗಳಲ್ಲಿ ಇಟ್ಟಿರುತ್ತಾರೆ. ಕೆತ್ತಿದ ಪೆನ್ಸಿಲಿನಂತೆ ಚೂಪಾಗಿರುವುದು ಗುರಿಹಲಗೆಗೆ. ಬ್ಲೇಡಿನಂಥ ರೆಕ್ಕೆಗಳಿರುವುದು ಅಲಗು, ಜಿಂಕೆ ಹಂದಿಗಳಿಗೆ. ಅಂಗಡಿಯವನು ಕೆಳಗಿನ ಡ್ರಾಯರಿನಿಂದ ಕೊನೆಯಲ್ಲಿ, ಸ್ವಲ್ಪ ಸಂಕೋಚದಿಂದ ತೆಗೆದು ತೋರಿಸುವುದಕ್ಕೆ ಮೊನೆ ಎಂಬ ಹೆಸರೇ ಸಲ್ಲದು. ಅದಕ್ಕೆ ತುದಿಯೇ ಇಲ್ಲ. ಅಂಗಿಯ ಗುಂಡಿಯಷ್ಟು ಅಗಲದ ಚಪ್ಪಟೆ ಮುಖ, ಅಷ್ಟೆ. ಇಂಗ್ಲಿಷಿನಲ್ಲಿ ಬ್ಲಂಟ್, ನಮ್ಮಲ್ಲಿ ಮೊಂಡು. ನಮ್ಮ ಮಾತಿನಲ್ಲಿ ಮೊಂಡು ಎಂದರೆ ಹರಿತವಿಲ್ಲದ್ದು ಎಂದೂ ಹೌದು, ಹೇಳಿದ್ದು ಕೇಳದ್ದು ಎಂದೂ ಹೌದು. ಮನೆಯಲ್ಲಿ ಹೆಂಡತಿ ಆ ಶಬ್ದ ಬಳಸಿದಾಗ ಅದು ಬಾಣಕ್ಕೋ ನನಗೋ ಎಂದು ವಿಚಾರಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ನಾನೂ ಹುಟ್ಟಿನಿಂದ ಮೊಂಡನಲ್ಲ. ಮೈಸೂರಿನ ಒಂದು ಟೂಲ್‌ರೂಮಿನಲ್ಲಿ ಲೇತಿನ ಮುಂದೆ ನಿಂತು ವರ್ಷಗಟ್ಟಲೆ ಉಕ್ಕು ಕೆರೆದವನು, ನಲವತ್ತು ದಾಟಿದ ಮೇಲೆ ಅದೇ ಕಸುಬಿನ ವೀಸಾ ಹಿಡಿದು ಅಡಿಲೇಡಿಗೆ ಬಂದೆ. ಮಾಸನ್ ಲೇಕ್ಸ್‌ನಲ್ಲಿ ಮನೆ. ಭಾನುವಾರ ಮಾಡಲು ಏನೂ ಕೆಲಸವಿಲ್ಲದೆ ಒಂದು ಮರದ ಬಿಲ್ಲು ಕೊಂಡೆ. ಗಾಲಿಯಿಲ್ಲ, ದುರ್ಬೀನಿಲ್ಲ, ಕೋಲು ಮತ್ತು ಹೆದೆ ಮಾತ್ರ. ಬಿಲ್ಲು ಯಾಕೆ ಎಂದು ಕೇಳಿದವರನ್ನು, ಗಾಲ್ಫ್ ಯಾಕೆ ಎಂದು ತಿರುಗಿ ಕೇಳುತ್ತಿದ್ದೆ. ಸಾಮಾನ್ಯವಾಗಿ ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಆ ದಿನಗಳಲ್ಲಿ ಅಲ್ಲಿ ಬಿಲ್ಲಿನ ಬೇಟೆಗೆ ಅಡ್ಡಿ ಇರಲಿಲ್ಲ. ಕಾರ್ಖಾನೆಯ ಒಬ್ಬ ಸಹೋದ್ಯೋಗಿ ಉತ್ತರಕ್ಕಿದ್ದ ತನ್ನ ಮಾವನ ಗೋಧಿ ಹೊಲಕ್ಕೆ ಕರೆದುಕೊಂಡು ಹೋದ. ಮೊಲಕ್ಕೆ ಯಾವ ಮೊನೆ ಎಂದು ಕೇಳಿದ್ದಕ್ಕೆ ಅಂಗಡಿಯವನು, ಗುರಿಹಲಗೆಯ ಮೊನೆಯೇ ಸಾಕು ಎಂದಿದ್ದ. ಮೊದಲ ಬಾಣವೇ ತಗುಲಿತು. ಹಿಗ್ಗಿ ಕೈ ಎತ್ತಿದೆ. ಎತ್ತಿದ ಕೈ ಇಳಿಸುವಷ್ಟರಲ್ಲಿ ಮೊಲ ಬಾಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಿ ಬಿಲದೊಳಗೆ ಹೋಗಿಬಿಟ್ಟಿತ್ತು. ಬಾಣದ ಗರಿಗಳು ಬಿಲದ ಬಾಯಲ್ಲಿ ಒಂದು ಕ್ಷಣ ಅಲುಗಾಡಿದ್ದು ಕಾಣಿಸಿತು. ಆಮೇಲೆ ಅದೂ ಇಲ್ಲ. ಹೊತ್ತು ಇಳಿಯುವ ತನಕ ಗುದ್ದಲಿಯಲ್ಲಿ ಅಗೆದೆವು. ಸಿಕ್ಕಿದ್ದು ಅರ್ಧ ಬಾಣ. ಒಳಗೆ ಎಲ್ಲೋ ಆ ಪ್ರಾಣಿ ಎಷ್ಟು ಹೊತ್ತು ಬದುಕಿತ್ತೋ ನನಗೆ ತಿಳಿಯದು. ತಿಳಿಯದೆ ಇರುವುದೇ ಶಿಕ್ಷೆ ಎಂದು ಇಟ್ಟುಕೊಂಡಿದ್ದೇನೆ. ಈಗ ಆ ರಾಜ್ಯದಲ್ಲಿ ಬಿಲ್ಲಿನ ಬೇಟೆಯೇ ನಿಷಿದ್ಧವಾಗಿದೆ. ನಿಷೇಧವನ್ನು ಬೈಯುವ ಹಳೆಯ ಗೆಳೆಯರ ಜೊತೆ ನಾನು ದನಿ ಸೇರಿಸುವುದಿಲ್ಲ. ಆ ಅರ್ಧ ಬಾಣ ನನ್ನ ಕೈಯಲ್ಲಿದ್ದಾಗ ಯಾರಾದರೂ ಕೇಳಿದ್ದರೆ ನಾನೇ ರುಜು ಹಾಕುತ್ತಿದ್ದೆ.

ಅಂದು ಒಂದು ತೀರ್ಮಾನ ಮಾಡಿದೆ. ಇನ್ನೊಂದು ಪ್ರಾಣಿ ನನ್ನ ಬಾಣ ಹೊತ್ತು ಓಡಿದರೆ ಬಿಲ್ಲನ್ನು ಮುರಿದು ಒಲೆಗೆ ಹಾಕುವುದು. ಹಾಗಾಗದಂತೆ ಮಾಡುವ ಮೊನೆ ಸಿಗುವವರೆಗೆ ಬೇಟೆಯ ಮಾತೇ ಇಲ್ಲ.

ಸಂಶೋಧನೆಗೆ ಬ್ರಿಸ್ಬೇನ್ ಒದಗಿತು. ಕೆಲಸ ಅಲ್ಲಿಗೆ ಕರೆದಿತ್ತು. ಆ ರಾಜ್ಯದಲ್ಲಿ ಮನೆಯಲ್ಲಿ ಮೊಲ ಸಾಕುವುದೇ ಅಪರಾಧ, ನಮ್ಮ ಬಡಾವಣೆಯ ಸುತ್ತ ಕಾಡುಮೊಲದ ಸುಳಿವೂ ಇರಲಿಲ್ಲ. ಮೊಲವಿಲ್ಲದ ಊರಲ್ಲಿ ಮೊಲದ ಬಾಣದ ಬಗ್ಗೆ ಅಧ್ಯಯನ ಮಾಡುವುದಕ್ಕೆ ಬೇಕಾದ ಏಕಾಗ್ರತೆ ನನ್ನಲ್ಲಿತ್ತು. ಗರಾಜಿನ ತುದಿಯಲ್ಲಿ ಹಳೇ ಬಟ್ಟೆ ತುಂಬಿದ ಅಕ್ಕಿ ಚೀಲಗಳ ಗೋಡೆ ಕಟ್ಟಿ, ಅದರ ಮುಂದೆ ಸ್ಟೂಲಿನ ಮೇಲೆ ತರಕಾರಿ ಇಟ್ಟು ಹೊಡೆಯತೊಡಗಿದೆ.

"ರೀ, ಹುಳಿಗೆ ಅಂತ ತಂದಿದ್ದ ಕುಂಬಳಕಾಯಿ ಎಲ್ರೀ?" ಅಡುಗೆಮನೆಯಿಂದ ಹೆಂಡತಿ.

"ಸಂಶೋಧನೆಯಲ್ಲಿದೆ."

"ಸಂಶೋಧನೆ ಮುಗಿದ್ಮೇಲೆ ಬೇಯ್ಸಕ್ಕೆ ಬರತ್ತಾ?"

"ಮೂರರಲ್ಲಿ ಎರಡು ಬರತ್ತೆ."

ಚೂಪು ಮೊನೆ ಕುಂಬಳಕಾಯಿಯನ್ನು ಆ ಕಡೆಯಿಂದ ಈ ಕಡೆಗೆ ದಾಟಿತು. ಎರಡು ಸಣ್ಣ ತೂತು. ತನ್ನನ್ನು ಯಾರೋ ಹೊಡೆದರು ಎಂಬುದು ಕಾಯಿಗೆ ಗೊತ್ತೇ ಆಗಿರಲಿಲ್ಲ. ನನ್ನ ಅಡಿಲೇಡಿನ ಮೊಲ ಯಾಕೆ ಓಡಿತೆಂದು ಆಗ ಅರ್ಥವಾಯಿತು. ರಬ್ಬರಿನ ಮೊಂಡು ಮೊನೆ ಕಾಯಿಗೆ ಬಡಿದು, ಪುಟಿದು, ವಾಷಿಂಗ್ ಮಷೀನಿಗೆ ಬಡಿಯಿತು. ಮಷೀನಿಗೆ ಆದ ಗಾಯ ಕಾಯಿಗಿಂತ ದೊಡ್ಡದು. ಆ ವಿಷಯದಲ್ಲಿ ಮನೆಯಲ್ಲಿ ನಡೆದ ವಿಚಾರಣೆಯ ವಿವರ ಇಲ್ಲಿ ಬೇಡ. ಉಕ್ಕಿನ ಮೊಂಡು ಮೊನೆ ಬಡಿದಾಗ ಮಾತ್ರ ಬೇರೆಯೇ ಸದ್ದು ಬಂತು. ಗುದ್ದಿದ ಸದ್ದು. ಕಾಯಿ ಸ್ಟೂಲಿನಿಂದ ಉರುಳಿತು. ಮೇಲೆ ನೋಡಿದರೆ ಹೆಬ್ಬೆಟ್ಟು ಒತ್ತಿದಷ್ಟು ತಗ್ಗು, ಇನ್ನೇನಿಲ್ಲ.

ಸಂಜೆ ಅದನ್ನು ಹೆಚ್ಚಿದವಳು ಹೆಂಡತಿ. ಚಾಕು ಹಿಡಿದುಕೊಂಡೇ ಗರಾಜಿಗೆ ಬಂದಳು. "ಇದೇನ್ರೀ ಇದು? ಹೊರಗಡೆ ಏನೂ ಆಗಿಲ್ಲ, ಒಳಗೆಲ್ಲಾ ನುಚ್ಚುನೂರು!"

ಟೂಲ್‌ರೂಮಿನಲ್ಲಿ ಯಾವ ಪರೀಕ್ಷಾ ವರದಿಯೂ ನನಗೆ ಅಷ್ಟು ತೃಪ್ತಿ ಕೊಟ್ಟಿರಲಿಲ್ಲ. ಅಲಗನ್ನು ನಾನು ಹಳಿಯುವುದಿಲ್ಲ. ದೊಡ್ಡ ಪ್ರಾಣಿಗೆ, ಬಲ್ಲವನ ಕೈಯಲ್ಲಿ, ಅದು ಸರಿ. ಆದರೆ ಅಂಗೈ ಅಗಲದ ಎದೆಯ ಪ್ರಾಣಿ, ಎರಡೇ ನೆಗೆತಕ್ಕೆ ಬಿಲ ಇರುವಾಗ, ತೂತು ಮಾಡಿ ಕಳಿಸುವುದಲ್ಲ, ಅಲ್ಲೇ ಕೆಡವುವುದು ಮುಖ್ಯ. ನಾನೇ ಲೇತಿನಲ್ಲಿ ಮೊನೆಗಳನ್ನು ಕಡೆದುಕೊಂಡೆ. ಎಂಟು ಗ್ರಾಂ ಹಗುರವಾಯಿತು, ಹದಿಮೂರಕ್ಕೆ ಬಾಣ ಮೂಗು ತಗ್ಗಿಸಿತು, ಹತ್ತಕ್ಕೆ ನೆಟ್ಟಗೆ ಹೋಯಿತು. ಹನ್ನೆರಡು ಹೆಜ್ಜೆಯ ಒಳಗೆ ಅದರ ಗುದ್ದಿನಲ್ಲಿ ಅನುಮಾನವಿಲ್ಲ. ಹನ್ನೆರಡು ದಾಟಿದರೆ ಅನುಮಾನ. ಅನುಮಾನ ಇದ್ದರೆ ಹೊಡೆಯಬಾರದು. ಒಟ್ಟು ಏಳು ಕುಂಬಳಕಾಯಿಗಳ ಬಲಿದಾನದಿಂದ ನನಗೆ ದೊರೆತ ತತ್ವ ಇಷ್ಟೇ. ಆ ವರ್ಷ ನಮ್ಮ ಮನೆಗೆ ಊಟಕ್ಕೆ ಬಂದವರೆಲ್ಲ ಕುಂಬಳಕಾಯಿ ಹುಳಿಯನ್ನೇ ಉಂಡಿದ್ದಾರೆ.

ಪರ್ತ್‌ಗೆ ಬಂದದ್ದು ಆಮೇಲೆ. ಎಲೆನ್‌ಬ್ರೂಕ್‌ನಲ್ಲಿ ಮನೆ. ಅಲ್ಲಿಂದ ಸ್ವಲ್ಪ ದೂರಕ್ಕೇ ದ್ರಾಕ್ಷಿತೋಟಗಳು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗೂ ಬಿಲ್ಲಿನ ಹುಚ್ಚು. ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ, ನಲವತ್ತರ ಗೃಹಸ್ಥ, ನನ್ನನ್ನು ಅಂಕಲ್ ಎಂದೇ ಕರೆಯುವುದು. ಅವನದು ಎರಡು ತುದಿಗೂ ಗಾಲಿ ಇರುವ ಕಾಂಪೌಂಡ್ ಬಿಲ್ಲು. ಅಷ್ಟು ಬಿಡಿಭಾಗ ನನ್ನ ಮೊದಲ ಸ್ಕೂಟರಿಗೂ ಇರಲಿಲ್ಲ. ಒಂದು ತೋಟದ ಒಡತಿ ಮೊಲದ ಕಾಟದಿಂದ ಬೇಸತ್ತಿದ್ದಾಳೆ ಎಂದು ಪತ್ತೆ ಹಚ್ಚಿದವನು ಅವನೇ. ನನ್ನನ್ನೂ ಕರೆದುಕೊಂಡು ಹೋದದ್ದು ಅವನ ಸೌಜನ್ಯ. ಅದನ್ನು ಮರೆಯುವುದಿಲ್ಲ.

ಒಡತಿಗೆ ಎಂಬತ್ತರ ಹತ್ತಿರ. ಅವಳ ಇಂಗ್ಲಿಷನ್ನು ಕನ್ನಡಕ್ಕೆ ತರುವಾಗ ಬಹುವಚನ ಹಾಕುವುದೋ ಬೇಡವೋ ಎಂದು ಯೋಚಿಸಿದೆ. ಅವಳು ನಮ್ಮನ್ನು ನೋಡಿದ ರೀತಿಗೆ ಏಕವಚನವೇ ನ್ಯಾಯ.

"ನನ್ನ ತೋಟದಲ್ಲಿ ಇಬ್ಬರು ಬಾಣ ಬಿಡೋದು ಬೇಡ," ಎಂದಳು. "ಒಬ್ಬ ಸಾಕು. ಒಬ್ಬೊಬ್ಬರಿಗೆ ಒಂದೊಂದು ಸಂಜೆ ಕೊಡ್ತೀನಿ. ನೋಡಿ ಆರಿಸ್ತೀನಿ. ಗಾಯ ಆದ ಮೊಲ ಒಂದು ಕಂಡರೂ ಅವನು ಮತ್ತೆ ಈ ಗೇಟು ದಾಟೋ ಹಾಗಿಲ್ಲ."

ಬಿಲ್ಲುಗಾರರನ್ನು ಸಾಲಾಗಿ ನಿಲ್ಲಿಸಿ ಆರಿಸುವ ಈ ಪದ್ಧತಿಗೆ ನಮ್ಮಲ್ಲಿ ಸ್ವಯಂವರ ಎನ್ನುತ್ತಾರೆ. ವಾಪಸು ಬರುತ್ತ ಕಾರಿನಲ್ಲಿ ಹಾಗೆಂದೆ. ಕಾರ್ಯದರ್ಶಿ ನಗಲಿಲ್ಲ. ನನ್ನ ಬತ್ತಳಿಕೆಯಿಂದ ಒಂದು ಬಾಣ ಎಳೆದು ತುದಿ ನೋಡಿದ.

"ಇದೇನ್ ಅಂಕಲ್, ಬಾಟ್ಲಿ ಮುಚ್ಚಳ ಅಂಟಿಸ್ಕೊಂಡ್ ಬಂದಿದೀರಾ? ನನ್ನ ಬ್ಲೇಡು ಮೂವತ್ತೈದು ಮೀಟರಿಂದ ಥ್ರೂ ಆಗತ್ತೆ."

"ಥ್ರೂ ಆದ್ಮೇಲೆ ಮೊಲ ಎಲ್ಲಿಗೆ ಹೋಗತ್ತಪ್ಪ?"

"ಎಲ್ಲಿಗಾದ್ರೂ ಹೋಗ್ಲಿ, ಸಾಯತ್ತಲ್ಲ!"

"ಅದೇ ನೋಡು. ನಂಗೆ ಅದು ಎಲ್ಲಿಗೆ ಹೋಗತ್ತೆ ಅಂತ ಗೊತ್ತಿರ್ಬೇಕು."

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಇದ್ರಲ್ಲಿ ನೀವು ಮೊಲಾನ ಎಬ್ಬಿಸ್ಬೋದು, ಅಷ್ಟೆ."

ಅವನ ಸರದಿ ಮೊದಲು, ಶನಿವಾರ. ಎರಡು ಮೊಲ ಹೊಡೆದ. ಚಿತ್ರಗಳು ಸಂಘದ ವಾಟ್ಸಾಪ್ ಗುಂಪಿಗೆ ಬಂದು, ಸಸ್ಯಾಹಾರಿಗಳ ಪ್ರತಿಭಟನೆಯ ಮೇಲೆ ಮಾಯವಾದವು. ನನ್ನ ಸರದಿ ಮುಂದಿನ ಗುರುವಾರ. ನಡುವೆ ಆಯುಧ ಪೂಜೆ ಬಂತು.

ಸಂಘದವರು ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಉದ್ದದ ಮೇಜು ಹಾಕಿ, ಕೆಂಪು ಬಟ್ಟೆ ಹಾಸಿ, ಎಲ್ಲರ ಆಯುಧಗಳನ್ನೂ ಸಾಲಾಗಿ ಇಟ್ಟಿದ್ದರು. ಲ್ಯಾಪ್‌ಟಾಪು ಹದಿನಾಲ್ಕು. ಸ್ಟೆತಸ್ಕೋಪು, ಕಾರಿನ ಕೀಲಿ, ಒಂದು ಡ್ರಿಲ್ಲಿಂಗ್ ಮಷೀನು, ಯಾರದೋ ಇಡ್ಲಿ ಹಿಟ್ಟಿನ ಗ್ರೈಂಡರು. ನಾನು ಬಿಲ್ಲು ಮತ್ತು ಮೂರು ಬಾಣ ಇಟ್ಟೆ. ಕಾರ್ಯದರ್ಶಿ ಓಡಿ ಬಂದ.

"ಅಂಕಲ್, ಅಂಕಲ್, ಇದು ಬೇಡ. ಹಾಲ್‌ನವ್ರ ರೂಲ್ಸ್ ಇದೆ, ಇಲ್ಲಿ ವೆಪನ್ಸ್ ತರೋ ಹಾಗಿಲ್ಲ."

"ಆಯುಧ ಪೂಜೆಗೆ ಆಯುಧ ತರಬಾರ್ದು ಅಂದ್ರೆ ಇನ್ನೇನ್ ತರ್ಲಪ್ಪ, ಉಪ್ಪಿಟ್ಟಾ?"

"ಸಿಂಬಾಲಿಕ್ ಆಗಿ ಅಂಕಲ್. ಲ್ಯಾಪ್‌ಟಾಪ್ ಇದ್ಯಲ್ಲ."

"ನಿನ್ನ ಬಿಲ್ಲೆಲ್ಲಿ?"

ಅವನು ದನಿ ತಗ್ಗಿಸಿದ. "ಕಾರಲ್ಲೇ ಇದೆ. ಕಾರಿಗೆ ಪೂಜೆ ಮಾಡ್ಸ್ದಾಗ ಅದಕ್ಕೂ ಸೇರ್ಕೊಳತ್ತೆ."

ನಿಯಮದ ಹಾಳೆ ತರಿಸಿ ಓದಿದೆ. ಕನ್ನಡಕ ಹಾಕಿಕೊಂಡು, ಎರಡು ಸಲ, ನಿಧಾನವಾಗಿ. ಹರಿತವಾದ ಮತ್ತು ಚೂಪಾದ ವಸ್ತುಗಳು ಎಂದು ಇತ್ತು. ಮೂರು ಬಾಣಗಳ ಮುಖವನ್ನೂ ಎಲ್ಲರಿಗೂ ತೋರಿಸಿದೆ. ಹರಿತ ಎಲ್ಲಿ? ಚೂಪು ಎಲ್ಲಿ? ಆ ಲೆಕ್ಕಕ್ಕೆ ಪಕ್ಕದ ಡ್ರಿಲ್ಲಿಂಗ್ ಮಷೀನನ್ನೇ ಮೊದಲು ಹೊರಗೆ ಹಾಕಬೇಕು. ಡ್ರಿಲ್ಲಿಂಗ್ ಮಷೀನಿನವರು ನನ್ನನ್ನು ಒಂಥರಾ ನೋಡಿದರು. ಅಷ್ಟರಲ್ಲಿ ನಿಂಬೆಹಣ್ಣಿನ ತಟ್ಟೆ ಹಿಡಿದು ಬಂದ ಪುರೋಹಿತರು ಬಾಣವನ್ನು ಮೇಲೆ ಕೆಳಗೆ ತಿರುಗಿಸಿದರು.

"ನಿಂಬೆಹಣ್ಣು ಎಲ್ಲಿಗೆ ಚುಚ್ಚೋದು ಸ್ವಾಮಿ? ತುದೀನೇ ಇಲ್ವಲ್ಲ."

"ಇಲ್ಲ ಅಂತಾನೇ ನಾನೂ ವಾದ ಮಾಡ್ತಿರೋದು."

ಅವರು ನಿಂಬೆಹಣ್ಣನ್ನು ಪಕ್ಕಕ್ಕಿಟ್ಟು, ಗಂಧದಲ್ಲಿ ಕಲಸಿದ ಕುಂಕುಮವನ್ನು ಆ ಚಪ್ಪಟೆ ಮುಖಕ್ಕೆ ಬೆರಳಿನಿಂದ ಒತ್ತಿದರು. ಬೊಟ್ಟು ಇಡಲೆಂದೇ ಮಾಡಿಸಿದ ಹಾಗೆ ಸರಿಯಾಗಿ ಕುಳಿತಿತು. ಮನೆಗೆ ಬಂದು ಅದನ್ನು ಒರೆಸಲು ಹೋದರೆ ಹೆಂಡತಿ ಕೈ ಹಿಡಿದಳು. "ಪೂಜೆ ಕುಂಕುಮ ಒರೆಸ್ಬಾರ್ದು ರೀ. ತಾನಾಗೇ ಹೋಗ್ಬೇಕು." ಲೇತಿನವನಾಗಿ ನನಗೆ ಗೊತ್ತಿತ್ತು, ಮೊನೆಯ ಮೇಲೆ ಏನೂ ಇರಬಾರದು. ಗಂಡನಾಗಿ ಬೇರೆಯದೇ ಗೊತ್ತಿತ್ತು. ಬಿಟ್ಟೆ.

ಗುರುವಾರ ಆರ್ವೋ, ಅಂದರೆ ಇಲ್ಲಿಯವರ ಮಾತಿನಲ್ಲಿ ಮಧ್ಯಾಹ್ನ, ನಾಲ್ಕು ಗಂಟೆಗೆ ತೋಟಕ್ಕೆ ಹೋದೆ. ಬಳ್ಳಿಗಳು ಆಗತಾನೇ ಚಿಗುರಿದ್ದವು. ಮೊಲಗಳು ಸಾಲಿನುದ್ದಕ್ಕೂ ಕುಳಿತು ಚಿಗುರನ್ನು ಕ್ರಮವಾಗಿ, ತೆರಿಗೆ ವಸೂಲಿಯವರ ಹಾಗೆ ತಿನ್ನುತ್ತಿದ್ದವು. ಒಡತಿ ಷೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡಳು. ನಾನು ಮೊಣಕಾಲೂರಿ ತೆವಳಿದೆ. ನನ್ನ ಮೊಣಕಾಲುಗಳು ಮಾಡುವ ಸದ್ದಿಗೆ ಎರಡು ಮೊಲ ಓಡಿಹೋದವು. ಮೂರನೆಯದು ಇಪ್ಪತ್ತು ಹೆಜ್ಜೆಯಲ್ಲಿ ಪಕ್ಕೆ ತೋರಿಸಿ ನಿಂತಿತು. ಹೊಡೆಯಲಿಲ್ಲ. ನಾಲ್ಕನೆಯದು ಹದಿನೈದರಲ್ಲಿ. ಹೊಡೆಯಲಿಲ್ಲ. ಒಡತಿ ಕೆಮ್ಮಿದಳು. ಆ ಕೆಮ್ಮಿನ ಅರ್ಥ ನನಗೆ ಗೊತ್ತಾಯಿತು. ಇಂದು ಬರಿಗೈಯಲ್ಲಿ ಎದ್ದರೆ ಗೇಟು ಕಾರ್ಯದರ್ಶಿಗೆ. ತಪ್ಪು ಬಾಣ ಬಿಟ್ಟರೆ ಗೇಟೂ ಇಲ್ಲ, ಬಿಲ್ಲೂ ಇಲ್ಲ. ಒಂದು ಗಂಟೆಯ ಮೇಲೆ ಒಂದು ದಪ್ಪ ಗಂಡು ಮೊಲ ಬಳ್ಳಿಯ ಬುಡದಿಂದ ಹೊರಬಂದು, ನನ್ನ ಎದುರಿಗೇ, ಹನ್ನೊಂದು ಹೆಜ್ಜೆಯಲ್ಲಿ ತಲೆ ಎತ್ತಿ ಕುಳಿತಿತು. ಹೆದೆ ಬಿಟ್ಟೆ.

ಕುಂಬಳಕಾಯಿಯ ಸದ್ದೇ ಬಂತು. ಮೊಲ ಕೂತಲ್ಲೇ ಪಕ್ಕಕ್ಕೆ ಮಲಗಿತು. ಕಾಲು ಕೂಡ ಝಾಡಿಸಲಿಲ್ಲ. ಬಾಣ ಅದರ ಪಕ್ಕದಲ್ಲೇ ಬಿದ್ದಿತ್ತು.

ಎತ್ತಿಕೊಂಡು ಹೋಗಿ ಒಡತಿಯ ಮುಂದೆ ಇಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿದಳು.

"ತೂತೆಲ್ಲಿ?"

"ಇಲ್ಲ."

"ರಕ್ತ?"

"ಇಲ್ಲ."

"ಹಾಗಾದ್ರೆ ಇದು ರೋಗದಲ್ಲಿ ಸತ್ತದ್ದು. ಬಿದ್ದಿದ್ದನ್ನ ಎತ್ತಿಕೊಂಡು ಬಂದಿದೀಯ." ಮೊಲಗಳನ್ನು ಕಡಿಮೆ ಮಾಡಲೆಂದೇ ಈ ದೇಶದವರು ರೋಗ ಬಿಡುವುದುಂಟು. ಅವಳ ಅನುಮಾನ ತೀರಾ ಅಸಂಬದ್ಧವಲ್ಲ. "ಬಾಣ ತಗುಲಿತೋ ಇಲ್ಲವೋ ಅನ್ನೋದು ಅಷ್ಟು ದೂರದಿಂದ ನನ್ನ ಕಣ್ಣಿಗೆ ಕಾಣಲ್ಲ ಅಂತ ನಿನಗೆ ಗೊತ್ತಿತ್ತು."

ನನಗೆ ಕೋಪ ಬಂತು. ಕುಂಬಳಕಾಯಿಯ ಇತಿಹಾಸ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೊಲದ ಮುಖವನ್ನು ಬೆಳಕಿಗೆ ಹಿಡಿದಳು. ಎರಡು ಕಣ್ಣುಗಳ ನಡುವೆ, ಸ್ವಲ್ಪ ಮೇಲೆ, ಗುಂಡಗೆ, ಅಚ್ಚುಕಟ್ಟಾಗಿ, ಕುಂಕುಮದ ಬೊಟ್ಟು. ಮುತ್ತೈದೆಯ ಕಳೆ ಎಂದು ಹೇಳಬಹುದಿತ್ತು. ಆದರೆ ಅದು ಗಂಡು.

ಹೆಬ್ಬೆರಳಿನಿಂದ ಉಜ್ಜಿದಳು. ಬೆರಳಿಗೆ ಕೆಂಪು ಪುಡಿ ಹತ್ತಿತು. ಮೂಸಿ ನೋಡಿದಳು. "ಇದೇನಿದು? ರಕ್ತ ಅಲ್ಲ."

ಬಾಣ ಕೊಟ್ಟೆ. ಚಪ್ಪಟೆ ಮುಖದಲ್ಲಿ ಉಳಿದಿದ್ದ ಕುಂಕುಮ ನೋಡಿದಳು, ಮೊಲದ ಹಣೆಗೆ ಅಳತೆ ಹಿಡಿದಳು. ಸರಿಯಾಗಿ ಕೂತಿತು. ತಲೆಬುರುಡೆಯನ್ನು ಒತ್ತಿದಳು. ಒಳಗೆ ಮೂಳೆ ಪುಡಿಯಾಗಿದ್ದದ್ದು ಬೆರಳಿಗೆ ತಿಳಿದಿರಬೇಕು. "ಮೊಲಕ್ಕೆ ಮುದ್ರೆ ಒತ್ತಿ ಕಳಿಸ್ತೀಯಾ?" ಎಂದಳು. ನಮ್ಮ ಹಬ್ಬದ ವಿಷಯ ಎರಡು ಮಾತಲ್ಲಿ ಹೇಳಿದೆ. ಉಪಕರಣಗಳಿಗೆ ವರ್ಷಕ್ಕೊಮ್ಮೆ ಗೌರವ ಸಲ್ಲಿಸುತ್ತೇವೆ ಎಂದದ್ದು ಅವಳಿಗೆ ಇಷ್ಟವಾಯಿತು. ತನ್ನ ಟ್ರ್ಯಾಕ್ಟರನ್ನು ಒಂದು ಸಲ ನೋಡಿದಳು.

ಆಮೇಲೆ ವ್ಯವಹಾರಕ್ಕೆ ಬಂದಳು. "ಸರಿ. ಹೊಡೆಯೋದು ನಿನಗೆ ಬರುತ್ತೆ. ಆದ್ರೆ ಆ ಇನ್ನೊಬ್ಬ ಎರಡು ಹೊಡೆದ, ನೀನು ಒಂದು. ಕಣ್ಣೆದುರಿಗೆ ಕೂತಿದ್ದ ಎರಡನ್ನ ಬಿಟ್ಟೆ. ನೀನೂ ಚೂಪಾದದ್ದು ಹಾಕು, ದೂರದಿಂದ ಹೊಡಿ. ಗೇಟು ನಿನಗೇ ಕೊಡ್ತೀನಿ."

"ಆಗಲ್ಲ."

"ಯಾಕೆ?"

"ದೂರದಿಂದ ಹೊಡೆದರೆ ಒಂದಲ್ಲ ಒಂದು ದಿನ ಒಂದು ಓಡುತ್ತೆ. ನಿಮ್ಮ ಗೇಟು ಉಳಿಸಿಕೊಳ್ಳೋಕೆ ನಾನು ಅದನ್ನ ಮಾಡಲ್ಲ."

"ಹಾಗಾದ್ರೆ ವಾರಕ್ಕೆ ಒಂದೇ ಮೊಲ."

"ಸಿಕ್ಕರೆ ಒಂದು."

ಅವಳು ಕುರ್ಚಿ ಮಡಿಸಿದಳು. ನಾನು ಹೆದೆ ಇಳಿಸಿದೆ, ಬಾಣ ಜೋಡಿಸಿದೆ. ಗೇಟು ಕೈತಪ್ಪಿತು ಎಂದು ಖಾತ್ರಿಯಾಗಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಕಾರಿನ ಬಾಗಿಲು ತೆರೆದಾಗ ಹಿಂದಿನಿಂದ ಕೂಗಿದಳು. ಎಳೆಬಳ್ಳಿಗಳ ಸಾಲಿನ ಹತ್ತಿರ ಕರೆದುಕೊಂಡು ಹೋಗಿ, ನೆಲದ ಮೇಲೆ ಹರಿದಿದ್ದ ಹನಿ ನೀರಾವರಿಯ ಕಪ್ಪು ಪೈಪನ್ನು ಕಾಲಿನಿಂದ ತೋರಿಸಿದಳು. ಮೂರು ಕಡೆ ಟೇಪು ಸುತ್ತಿತ್ತು.

"ಚೂಪಾದದ್ದು ಹಾಕು ಅಂದಾಗ ಇದನ್ನ ಮರೆತಿದ್ದೆ. ನಿನ್ನ ಗೆಳೆಯನ ಬ್ಲೇಡು. ಎರಡು ಮೊಲ, ಮೂರು ತೂತು. ಬಳ್ಳಿಗೆ ನೀರಿಲ್ಲ. ನಿನ್ನದು ಇದನ್ನ ಕತ್ತರಿಸುತ್ತಾ?"

ಷೆಡ್ಡಿನಿಂದ ಒಂದು ಪೈಪಿನ ತುಂಡು ತಂದು, ನೆಲದ ಮೇಲಿಟ್ಟು, ಐದು ಹೆಜ್ಜೆಯಿಂದ ಹೊಡೆದೆ. ಪೈಪು ಹಾವಿನಂತೆ ನೆಗೆದು ಬಿತ್ತು. ಅವಳು ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ ಇನ್ನೊಂದರಿಂದ ಊದಿದಳು. ಗಾಳಿ ಎಲ್ಲಿಯೂ ಸೋರಲಿಲ್ಲ.

"ಗುರುವಾರ ಬಾ," ಎಂದಳು. "ಈ ಸಾಲು ನಿನ್ನದು. ಅವನಿಗೆ ನಾನೇ ಫೋನ್ ಮಾಡ್ತೀನಿ."

ವರ್ಷಗಳ ಪಶ್ಚಾತ್ತಾಪ, ಏಳು ಕುಂಬಳಕಾಯಿ, ಒಂದು ವಾಷಿಂಗ್ ಮಷೀನು ಸೇರಿ ಕಟ್ಟಿದ ನನ್ನ ವಾದ ಅವಳ ಮೇಲೆ ಯಾವ ಪರಿಣಾಮವನ್ನೂ ಮಾಡಿರಲಿಲ್ಲ. ಗೆದ್ದದ್ದು ಪ್ಲಾಸ್ಟಿಕ್ ಪೈಪು. ಆಗಲಿ. ಗೇಟಿನ ಒಳಗೆ ನಿಂತವನು ಯಾವ ಕಾರಣಕ್ಕೆ ಒಳಗೆ ಬಂದೆ ಎಂದು ಜಗಳ ತೆಗೆಯಬಾರದು.

ಮರುದಿನ ಕಾರ್ಯದರ್ಶಿಯ ಫೋನು ಬಂತು. "ಏನ್ ಅಂಕಲ್, ಆಯಮ್ಮಂಗೆ ಏನ್ ಹೇಳ್ಬಿಟ್ರಿ?"

"ಮೊಲದ್ ವಿಷ್ಯ ಮಾತೇ ಆಗ್ಲಿಲ್ಲಪ್ಪ. ಪ್ಲಂಬಿಂಗ್ ಬಗ್ಗೆ ಮಾತಾಡಿದ್ವಿ."

"ಆ ಮುಚ್ಚಳ ಎಲ್ಲಿ ಸಿಗತ್ತೆ ಅಂಕಲ್?" ಎಂದ. ಮಾಡಿಕೊಡುತ್ತೇನೆ ಎಂದೆ, ಆದರೆ ಗಾಲಿಯ ಬಿಲ್ಲಿಗಲ್ಲ. ಫೋನು ಇಟ್ಟುಬಿಟ್ಟ.

ಈಗ ಗುರುವಾರ ಗುರುವಾರ ಹೋಗುತ್ತೇನೆ. ನಾಲ್ಕು ವಾರಕ್ಕೆ ಎರಡು ಮೊಲ ಸಿಕ್ಕರೆ ಹೆಚ್ಚು. ಉಳಿದ ದಿನ ಮನೆಯಲ್ಲಿ ಮುದ್ದೆಗೆ ಸೊಪ್ಪಿನ ಸಾರು. ಸಂಘದಲ್ಲಿ ಈ ಬಗ್ಗೆ ಆಡಿಕೊಳ್ಳುವವರಿದ್ದಾರೆ, ಆಡಿಕೊಳ್ಳಲಿ. ತೋಟದ ಮೊಲಗಳಿಗೂ ನನ್ನ ಅಳತೆ ತಿಳಿದುಹೋಗಿದೆ ಎಂದು ಕಾಣುತ್ತದೆ. ಮೂವತ್ತು ಹೆಜ್ಜೆ ದೂರದಲ್ಲಿ ಸಾಲಾಗಿ ಕುಳಿತು, ನನ್ನ ಮುಖವನ್ನೇ ನೋಡುತ್ತ, ಚಿಗುರು ಅಗಿಯುತ್ತವೆ. ನಾನೂ ನೋಡುತ್ತೇನೆ. ತಿನ್ನಲಿ. ಹನ್ನೆರಡರ ಒಳಗೆ ಬಂದಾಗ ಮಾತಾಡೋಣ.